ಅಳತೆ ಪುಸ್ತಕದಲ್ಲಿಲ್ಲದ ಇಬ್ಬರು

ಅಮ್ಮಾ,

ನೀನು ಬಿಟ್ಟುಹೋದ ಹೊಲಿಗೆ ಅಂಗಡಿಯ ಅಳತೆ ಪುಸ್ತಕದಲ್ಲಿ ಊರಿನವರೆಲ್ಲ ಇದ್ದಾರೆ, ನಾವಿಬ್ಬರೇ ಇಲ್ಲ. "ನಮ್ಮದೇನು, ಉಳಿದ ಬಟ್ಟೇಲಿ ಆಮೇಲೆ ನೋಡಿದ್ರಾಯ್ತು" ಅನ್ನುತ್ತಿದ್ದೆ ನೀನು. ದೇವರ ಮುಂದೆಯೂ ಹಾಗೆಯೇ. ಗಿರಾಕಿಗಳ ಮಕ್ಕಳಿಗಾಗಿಯೂ ಬೇಡಿಕೊಳ್ಳುತ್ತಿದ್ದೆ, ನಿನ್ನೊಬ್ಬಳನ್ನು ಬಿಟ್ಟು. ಅದನ್ನೇ ಭಕ್ತಿ ಅಂದುಕೊಂಡು ನಾನೂ ನಲವತ್ತಾರು ದಾಟಿದೆ.

ಇವತ್ತು ಬೆಳಿಗ್ಗೆ ನನಗೆಂದೇ ಹೊಸ ಬಟ್ಟೆ ತಂದೆ. ಕಳ್ಳಿಯ ಹಾಗೆ ಬಾಗಿಲು ಹಾಕಿಕೊಂಡು ಎದೆಗೆ ಟೇಪು ಸುತ್ತಿಕೊಂಡೆ. ಎಡಗಂಕುಳ ಹತ್ತಿರ ಬೆರಳಿಗೆ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ನಿನಗಿದ್ದ ಜಾಗದಲ್ಲೇ.

ನೀನು ತೀರಿಕೊಂಡ ವರ್ಷ ಮೇಲಿನ ಕಪಾಟಿನಿಂದ ಬಟ್ಟೆ ತೆಗೆಯಲು ನೀನು ದಿನವೂ ನನ್ನನ್ನು ಕರೆಯುತ್ತಿದ್ದೆ. ನಿನ್ನ ಕೈ ಯಾಕೆ ಮೇಲೇಳುತ್ತಿಲ್ಲ ಅಂತ ಕೇಳದೆ ನಾನು ತೆಗೆದುಕೊಟ್ಟು ಮಿಷನ್ನಿಗೆ ವಾಪಸಾಗುತ್ತಿದ್ದೆ.

ಅಷ್ಟರಲ್ಲಿ ಎದುರುಮನೆಯ ಟೀಚರು ಬಾಗಿಲು ತಟ್ಟಿದರು. "ಅಕ್ಕಾ, ನಾಳೆ ಮಗಳ ಅಂಗಿ ಸಿಗುತ್ತಲ್ವಾ?"

"ನಾಳೆ ಅಂಗಡಿ ತೆಗೆಯಲ್ಲಮ್ಮ. ಡಾಕ್ಟರ ಹತ್ರ ಹೋಗ್ಬೇಕು."

"ಯಾರಿಗೆ ಹುಷಾರಿಲ್ಲ?"

ಟೇಪು ಇನ್ನೂ ಎದೆಯ ಮೇಲೇ ಇತ್ತು.

"ನನಗೆ" ಅಂದೆ.

ಸಂಜೆ ದೀಪ ಹಚ್ಚಿ ಕೂತಿದ್ದೇನೆ. ದೇವರಿಗೂ ಅದನ್ನೇ ಹೇಳಬೇಕು. ಇವತ್ತು ಮೊದಲು ನನಗಾಗಿ ಬೇಡಿಕೊಳ್ಳುತ್ತೇನೆ.