ಬ್ರೇಕು ಹಿಡಿಯದ ಕಾರು

೯-೭-೧೯೪೬, ಆಷಾಢ ಮಂಗಳವಾರ.

ಮಗ ಬೈಲಪ್ಪನ ಹಳೇ ಬಾಡಿಗೆ ಕಾರು ಈ ದಿನ ನೆಲಮಂಗಲದ ತಪಾಸಣೆಯಲ್ಲಿ ಪಾಸಾಗಲಿಲ್ಲ. ದಿಬ್ಬದಲ್ಲಿ ಬ್ರೇಕು ತುಳಿದರೂ ಹಿಂದಕ್ಕೆ ಉರುಳಿತಂತೆ. ಇನ್ನು ಜನ ಹತ್ತಿಸಕೂಡದೆಂದು ಇನ್‌ಸ್ಪೆಕ್ಟರು ಬರೆದುಕೊಟ್ಟಿದ್ದಾರೆ.

ಕಾರು ರಿಪೇರಿಯ ಮೇಸ್ತ್ರಿ ಬುಡನ್ ಸಾಬಿ ಇದನ್ನೇ ಯುಗಾದಿಯ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಂತು ಹೇಳಿದ್ದ. "ಅಮ್ಮಾ, ಕಾರಿಗೆ ವಯಸ್ಸಾಗೈತೆ. ಬ್ರೇಕ್ ಸರಿ ಮಾಡ್ದೆ ಓಡಿಸ್ಬ್ಯಾಡಿ."

"ವಯಸ್ಸಾಗಿರೋ ನಾನು ಓಡಾಡ್ತಿಲ್ವೇನೋ? ನಿನ್ನ ಕಣ್ಣೇ ಸರಿಯಿಲ್ಲ," ಎಂದೆ. ಅವನೆದುರಿಗೇ ಕಾರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದೆ. ಘಾಟು ಏಳಲಿಲ್ಲ. "ನೋಡ್ದೇನೋ ಬೈಲಾ, ಇವನದೇ ದೃಷ್ಟಿ!" ಎಂದು ಕೂಗಿದೆ. ಸಾಬಿ ಮಜ್ಜಿಗೆಯ ಲೋಟವನ್ನು ಹಾಗೇ ಕೆಳಗಿಟ್ಟು ಹೋದ.

ಆಮೇಲೆ ಅದೇ ಕಾರಿನಲ್ಲಿ ಬಸುರಿ ಮೊಮ್ಮಗಳನ್ನು ಕೂರಿಸಿ ಕಳಿಸಿದವಳೂ ನಾನೇ. ಏನೂ ಆಗದಿದ್ದುದು ದೇವರ ದಯೆ.

"ಸಾಬೀನ ಕರ್ಕೊಂಡ್ಬಾರೋ," ಎಂದರೆ ಬೈಲಪ್ಪ, "ಬೈದೋಳು ನೀನು, ನೀನೇ ಹೋಗವ್ವ," ಎಂದ.

ನ್ಯಾಯವೇ. ಬೆಳಿಗ್ಗೆ ಹೋಗುತ್ತೇನೆ. ಬೈಯುವುದಕ್ಕೆ ನಾನು ಒಂದು ದಿನವೂ ಮಾತು ಹುಡುಕಿದವಳಲ್ಲ. ಈಗ ಅವನ ಬಾಗಿಲಲ್ಲಿ ನಿಂತು ಮೊದಲು ಏನೆಂದು ಹೇಳಲಿ?