ಕೊಯ್ದು ನೋಡಿದ ಕೋಕೋ ಬೀಜ

ಭಾವನಿಗೆ ಅಮೆರಿಕದ ವೆಸ್ಟ್ ವಿಂಡ್ಸರಿನಿಂದ ಸುಬ್ರಾಯನ ನಮಸ್ಕಾರ.

ನಿನ್ನೆ ಮಗಳು ಇಲ್ಲಿಯ ಒಂದು ಹಳೇ ಮನೆ ತೋರಿಸಲು ಕರೆದುಕೊಂಡು ಹೋಗಿದ್ದಳು. ಬ್ರಿಟಿಷರ ಕಾಲದಲ್ಲಿ ಇಲ್ಲಿಯವರು ಚಾಕಲೇಟ್ ತಿನ್ನುತ್ತಿರಲಿಲ್ಲವಂತೆ, ಕುಡಿಯುತ್ತಿದ್ದರಂತೆ. ಆ ಕಾಲದ ಉಡುಪು ತೊಟ್ಟ ಹೆಂಗಸೊಬ್ಬಳು ಹುರಿದ ಕೋಕೋ ಬೀಜವನ್ನು ಕೆಂಡದ ಮೇಲಿಟ್ಟ ಕಲ್ಲಿನಲ್ಲಿ ಅರೆದು ತೋರಿಸಿದಳು. ಕೋಕೋ ಖರೀದಿ ಡಿಪೋದಲ್ಲಿ ಮೂವತ್ತು ವರ್ಷ ಬೀಜ ಕೊಯ್ದು ಪರೀಕ್ಷೆ ಮಾಡಿದ ಚಾಳಿ ನನ್ನನ್ನು ಬಿಡಬೇಕಲ್ಲ! ಬುಟ್ಟಿಯಿಂದ ಹುರಿಯದ ಬೀಜವೊಂದನ್ನು ಎತ್ತಿ ನೇಲ್ ಕಟ್ಟರಿನ ಚೂರಿಯಲ್ಲಿ ಕೊಯ್ದೆ. ಒಳಗೆಲ್ಲ ನೇರಳೆ ಬಣ್ಣ, ಸರಿಯಾಗಿ ಹುಳಿ ಬಂದೇ ಇರಲಿಲ್ಲ. “ರಿಜೆಕ್ಟ್” ಎಂದುಬಿಟ್ಟೆ. ಮೊಮ್ಮಗಳು ಹಂಸಿನಿ “ಅಜ್ಜ, ಸ್ಟಾಪ್ ಇಟ್!” ಎಂದು ಅಂಗಿ ಜಗ್ಗಿದಳು. ಆ ಹೆಂಗಸು ಮಾತ್ರ ನಕ್ಕು, ಅದೇ ಬುಟ್ಟಿಯ ಬೀಜ ಹುರಿದು ಅರೆದದ್ದಕ್ಕೆ ಚಕ್ಕೆ, ಮೆಣಸು ಹಾಕಿ ಕಾಯಿಸಿದ್ದನ್ನು ಒಂದು ಲೋಟ ಕೈಗಿತ್ತಳು. ಭಾವ, ಎಂಥ ರುಚಿ! ನಾಚಿಕೆ ಬಿಟ್ಟು ಇನ್ನೊಂದು ಲೋಟ ಕೇಳಿ ಕುಡಿದೆ.

ಶುಗರ್ ಹತೋಟಿಯಲ್ಲಿದೆ ಎಂದು ಅಕ್ಕನಿಗೆ ಹೇಳಿ. ಎರಡನೇ ಲೋಟದ ವಿಷಯ ಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು. ತೊಂಬತ್ತೆರಡರಲ್ಲಿ ನಿಮ್ಮ ತೋಟದ ಎರಡು ಮೂಟೆ ಕೋಕೋವನ್ನು ಒಳಗೆ ನೇರಳೆಯಿದೆ ಎಂದು ನಾನು ವಾಪಸು ಕಳಿಸಿದ್ದು ನಿಯಮದ ಪ್ರಕಾರ ಸರಿಯೇ. ರುಚಿ ನೋಡದೆ ಕಳಿಸಿದ್ದು ತಪ್ಪು.