ಕಾನೂನು ಕೊಟ್ಟ ಅರ್ಧ ಗಂಟೆ

೧೬ ಆಗಸ್ಟ್ ೧೯೩೯, ಬುಧವಾರ. ಅವಿನಾಶಿ.

ಮಗಳು ಕಣ್ಣಮ್ಮ ಇಂದು ಕೇಳಿದ ಮಾತು ಇನ್ನೂ ಚುಚ್ಚುತ್ತಿದೆ. ಐದು ಗಂಟೆ ಓಡಿಸಿದ ಲಾರಿ ಡ್ರೈವರು ಅರ್ಧ ಗಂಟೆ ದಣಿವಾರಿಸಿಕೊಳ್ಳಲೇಬೇಕೆಂದು ಹೊಸ ಕಾನೂನು ಬಂದಿದೆಯಲ್ಲ, ನಮ್ಮವರು ಮಧ್ಯಾಹ್ನ ಸಿಮೆಂಟ್ ಲಾರಿಯನ್ನು ಮನೆ ಮುಂದೆಯೇ ನಿಲ್ಲಿಸಿದರು. ಸೇಲಂಗೆ ತಡವಾಗುತ್ತದೆಂದು ಜೊತೆಗಿದ್ದ ಗುಮಾಸ್ತ ದೇವರಾಜನ್ ಗೊಣಗಿದ.

ಇವರು ಬರುವಾಗಲೂ ಹೋಗುವಾಗಲೂ ಕಣ್ಣಮ್ಮ ಮಲಗಿರುತ್ತಾಳೆ. ಸಿಮೆಂಟ್ ಹುಡಿಯಿಂದ ಬೆಳ್ಳಗಾದ ಮೀಸೆ ನೋಡಿ, "ಅಮ್ಮಾ, ಈ ತಾತ ಯಾರು?" ಎಂದಳು.

ಇವರು ಊಟ ಬಿಟ್ಟೆದ್ದು ಮುಖ ತೊಳೆದು, "ನಾ ನಿನ್ ಅಪ್ಪಾ ಕಣ್ಣು, ವಾ" ಎಂದು ಹತ್ತಿರ ಕರೆದು ಕೈಚಾಚಿದರು. ತುಂಬ ಹೊತ್ತು ಯೋಚಿಸಿ ತೊಡೆಯೇರಿದವಳು ಅಲ್ಲೇ ನಿದ್ದೆಹೋದಳು.

ಹೊತ್ತಾಯಿತೆಂದು ಎತ್ತಿಕೊಳ್ಳಹೋದೆ. ದೇವರಾಜನ್ ತಡೆದ. "ಬೇಡ ಅಕ್ಕಾ, ಇನ್ನೂ ಅರ್ಧ ಗಂಟೆ ಆಗ್ಲಿಲ್ಲ."

ಮುಕ್ಕಾಲು ಗಂಟೆಯೇ ಕಳೆದಿತ್ತು.